ನಮ್ಮವರಿಗೆ ಬಿಲ್ ಹಾಕಬಾರದು

ಕೊಯ್ಲು ಮುಗಿಯುತ್ತ ಬಂದಿತ್ತು. ಊರಾಚೆ ಜೋಳದ ದಂಟು ಕಡಿದು ಒಟ್ಟಿದ್ದರು. ಬಿಸಿಗಾಳಿ ಎದ್ದಾಗಲೆಲ್ಲ ಒಣಗರಿಯ ಚೂರುಗಳು ಹಾರಿಬಂದು ಸೂಪರ್‌ಮಾರ್ಕೆಟ್ಟಿನ ಜಾರುಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆಗ ಬಾಗಿಲು ಅರ್ಧಕ್ಕೆ ನಿಂತು, ಮನಸ್ಸು ಬದಲಾಯಿಸಿದಂತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಕಾವಲುಗಾರ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಬೆಳಗಿನಿಂದ ಮೂರು ಸಲ ಮಂಡಿಯೂರಿ ಆ ಸಂದಿ ಕೆರೆದಿದ್ದ.

ನಾಲ್ಕನೇ ಕೌಂಟರಿನವಳು ಸಾಮಾನು ಸಾಗುವ ಬೆಲ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಲ್ಲಿನ ಕಾಗದದ ಸುರುಳಿ ಬದಲಿಸಿ, ಮೊಣಕಾಲು ಸವರಿಕೊಂಡು ಸ್ಟೂಲಿನ ಮೇಲೆ ಕೂತಳು. ಅಂಗಡಿಯಲ್ಲಿ ಅವಳನ್ನು ಎಲ್ಲರೂ ಸುಗ್ಗಿ ಎಂದೇ ಕರೆಯುವುದು. ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ವರ್ಷ ಕೊಯ್ಲಿಗೆ ಎಂಟು ದಿನ ರಜೆ ಕೇಳುತ್ತಿದ್ದುದರಿಂದ ಬಂದ ಹೆಸರು. ಈ ವರ್ಷ ಕೇಳಿರಲಿಲ್ಲ. ಗಂಡ, ಮೈದುನ ಸೇರಿ ಯಂತ್ರ ಕರೆಸಿದ್ದರು. ಎಂಟು ದಿನದ ಕೆಲಸವನ್ನು ಅದು ನಾಲ್ಕು ಗಂಟೆಯಲ್ಲಿ ಮುಗಿಸಿ, ಬದುವಿನ ಮೇಲೆ ಕೂತಿದ್ದ ಸುಗ್ಗಿಯ ಮೈಮೇಲೆಲ್ಲ ಧೂಳು ಎರಚಿ ಹೋಗಿತ್ತು. ಹೆಸರು ಮಾತ್ರ ಉಳಿದಿತ್ತು.

"ಮುಂದೆ ಬನ್ನಿ, ಮುಂದೆ ಬನ್ನಿ! ಒಳಗೆ ಜಾಗ ಖಾಲಿ ಇದೆ!" ಆರನೇ ಕೌಂಟರಿನಿಂದ ಕೂಗು ಕೇಳಿಸಿತು. ಅಲ್ಲಿರುವವನು ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾಗಿ ಬಂದವನು. ಅಂಗಡಿಯವರಿಗೆ ಈಗಲೂ ಕಂಡಕ್ಟರೇ. ಗಿರಾಕಿ ಏನಾದರೂ ಹೇಳಿದರೆ ಕೊನೆಯ ಪದವನ್ನು ಗಟ್ಟಿಯಾಗಿ ತಾನೊಮ್ಮೆ ಹೇಳುವುದು ಅವನ ಅಭ್ಯಾಸ. ಗದ್ದಲದ ಬಸ್ಸಿನಲ್ಲಿ ಇಳಿಯುವ ಊರು ತಪ್ಪಾಗಿ ಕೇಳಿಸಬಾರದೆಂದು ಕಲಿತದ್ದು.

ಕೌಂಟರಿನ ಕೆಲಸದಲ್ಲಿ ಒಂದು ಮಾತಿದೆ: ಬೆಲ್ಟಿನ ಮೇಲೆ ಬಂದದ್ದನ್ನು ಕೈ ನೋಡಬೇಕು, ಮುಖ ನೋಡಬಾರದು. ಸುಗ್ಗಿಗೆ ಅದು ಚೆನ್ನಾಗಿ ಒಗ್ಗಿತ್ತು. ಆ ದಿನ ಬೆಳಗ್ಗೆ ಶಾಲೆಯ ಮೇಷ್ಟ್ರು ಪತ್ರಿಕೆಯ ಮಡಿಕೆಯೊಳಗೆ ಹೇನಿನ ಔಷಧಿ ಇಟ್ಟು ತಂದಿದ್ದರು. ಪತ್ರಿಕೆಯನ್ನು ಎತ್ತಿದಾಗ ಶೀಶೆ ಉರುಳಿ ಬೆಲ್ಟಿನುದ್ದಕ್ಕೂ ಹೊರಟುಹೋಯಿತು.

"ಪಕ್ಕದ ಮನೆಯವ್ರು ಹೇಳಿದ್ರು, ತಂದ್ಕೊಡಿ ಅಂತ," ಎಂದರು ಮೇಷ್ಟ್ರು, ಕಿವಿಯ ಹಿಂದೆ ಕೆರೆದುಕೊಳ್ಳುತ್ತ.

"ಹೌದಾ ಸಾರ್," ಎಂದಳು ಸುಗ್ಗಿ.

ಅವರ ಹಿಂದೆ ಬಂದ ದಪ್ಪ ಮೀಸೆಯ ಗುತ್ತಿಗೆದಾರನ ಬಕೆಟ್ಟಿಗೆ ಬೆಲೆಯ ಚೀಟಿಯೇ ಇರಲಿಲ್ಲ. ಬೆಲೆ ಓದುವ ಯಂತ್ರ ಸುಮ್ಮನಿತ್ತು. "ಬೆಲೆ ತೋರಿಸ್ತಿಲ್ಲ ಅಂದ್ರೆ ಪುಕ್ಕಟೆ ಅಂತ ತಾನೆ?" ಎಂದು ಆತ ಹಿಂದೆ ನಿಂತವರ ಕಡೆಗೂ ತಿರುಗಿ ನಕ್ಕ. ಈ ಹಾಸ್ಯವನ್ನು ಸುಗ್ಗಿ ದಿನಕ್ಕೆ ಎರಡು ಸಲವಾದರೂ ಕೇಳುತ್ತಾಳೆ. ಅದಕ್ಕೆ ಎಷ್ಟು ನಗಬೇಕೋ ಅಷ್ಟು ನಕ್ಕಳು. ಆಮೇಲೊಬ್ಬ ಹೆಂಗಸು ಮೊಸರಿನ ಡಬ್ಬ ಜೋಡಿಸುತ್ತ, ಸುಗ್ಗಿಯ ಸಮವಸ್ತ್ರ ಹೊಟ್ಟೆಯ ಮೇಲೆ ಬಿಗಿದಿದ್ದುದನ್ನು ನೋಡಿ, ಮೆಲ್ಲಗೆ, "ಎಷ್ಟು ತಿಂಗಳಮ್ಮಾ?" ಎಂದಳು.

"ಐವತ್ತೊಂದು ವರ್ಷ," ಎಂದಳು ಸುಗ್ಗಿ. "ಚೀಲ ಬೇಕಾ?"

ಆರನೇ ಕೌಂಟರಿನಿಂದ ಕಂಡಕ್ಟರು ಕೇಳಿಸಿಕೊಂಡು, "ವರ್ಷ!" ಎಂದು ಕೂಗಿ ತನ್ನಷ್ಟಕ್ಕೇ ನಕ್ಕ. ಹೆಂಗಸು ಕೆಂಪಾದಳು. ಸುಗ್ಗಿಗೆ ಏನೂ ಅನಿಸಲಿಲ್ಲ. ಮೂರು ವರ್ಷದಿಂದ ಹಾಗೆಯೇ. ಕೈ ಮಗ್ಗುಲಿಗೆ ಸಿಕ್ಕಿ ಜೋಮು ಹಿಡಿದಾಗ ಚಿವುಟಿದರೆ ಚಿವುಟಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ಅಷ್ಟೇ.

ಮೂರು ವರ್ಷದ ಹಿಂದೆ ಅವಳ ಅಮ್ಮ ತೀರಿಕೊಂಡದ್ದು. ಅಮ್ಮ ಹಾಸಿಗೆ ಹಿಡಿದು ಹದಿನಾಲ್ಕು ತಿಂಗಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಇವಳಿಗಿಂತ ಏಳು ವರ್ಷ ದೊಡ್ಡವಳು. ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ಸುಗ್ಗಿ ವಾರದ ರಜೆಯಲ್ಲಿ ಹೋಗಿ, ಹಣ್ಣು ಕೊಟ್ಟು, ಅಮ್ಮನ ತಲೆ ಸವರಿ, ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದಳು. ಅಮ್ಮ ತೀರಿಕೊಂಡ ದಿನ ಮೈ ಒರೆಸಲು ಮಗ್ಗುಲು ತಿರುಗಿಸಿದಾಗ ಬೆನ್ನಿನ ಹುಣ್ಣುಗಳು ಕಂಡವು. ಅಂಗಳದ ತುಂಬ ಜನ ಕೂತಿದ್ದರು. ಸುಗ್ಗಿ ಹೊರಗೆ ಬಂದು, ಎಲ್ಲರ ಮುಂದೆ, ಅಕ್ಕನಿಗೆ ಹೇಳಿದಳು: "ಮನೆಯ ಎತ್ತನ್ನಾದ್ರೂ ಇದಕ್ಕಿಂತ ಚೆನ್ನಾಗಿ ನೋಡ್ಕೋತಾರೆ."

ಅಕ್ಕ ಒಳಗೆ ಹೋಗಿ, ಬಂದವರಿಗೆಲ್ಲ ನೀರು ತಂದುಕೊಟ್ಟಳು. ಸುಗ್ಗಿಗೂ ಒಂದು ಲೋಟ ಕೊಟ್ಟಳು.

ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ಮೂರು ವರ್ಷದಿಂದ ಸುಗ್ಗಿಗೆ ಇದ್ದ ಬಾಕಿ ಅದೊಂದೇ. ಬೆಳಗ್ಗೆ ಎದ್ದಾಗ ನೆನಪಾಗುತ್ತಿತ್ತು, ಬಸ್ಸಿನ ಹೊತ್ತಿಗೆ ಮರೆಯುತ್ತಿತ್ತು, ರಜೆಯ ದಿನ ಬಟ್ಟೆ ಒಗೆಯುವುದು ಇರುತ್ತಿತ್ತು. ಹೋಗಲಿಲ್ಲ. ಅಕ್ಕನೂ ಈ ಕಡೆ ಬರಲಿಲ್ಲ.

ಕಂಪ್ಯೂಟರಿನ ಪಕ್ಕದಲ್ಲಿ ಒಂದು ಕಾಗದ ಅಂಟಿಸಿತ್ತು: ಸಿಬ್ಬಂದಿಯು ತಮ್ಮ ಸಂಬಂಧಿಕರಿಗೆ ತಾವೇ ಬಿಲ್ ಮಾಡತಕ್ಕದ್ದಲ್ಲ. ಹಿಂದೊಮ್ಮೆ ಎರಡನೇ ಕೌಂಟರಿನವಳು ತನ್ನ ನಾದಿನಿಯ ಎರಡು ಎಣ್ಣೆ ಡಬ್ಬಗಳನ್ನು ಯಂತ್ರಕ್ಕೆ ತೋರಿಸದೆ ದಾಟಿಸಿ ಸಿಕ್ಕಿಬಿದ್ದ ಮೇಲೆ ಬಂದ ನಿಯಮ. ನಮ್ಮವರು ಯಾರಾದರೂ ಸಾಲಿಗೆ ಬಂದರೆ "ನಮ್ಮವರು" ಎಂದು ಹೇಳಿ ಬೇರೆ ಕೌಂಟರಿಗೆ ಕಳಿಸಬೇಕು. ಇಲ್ಲದಿದ್ದರೆ ಕೌಂಟರು ಬಿಟ್ಟು ಗೋದಾಮಿಗೆ. ಗೋದಾಮು ಎಂದರೆ ದಿನವಿಡೀ ನಿಂತೇ ಇರುವುದು, ಮೂಟೆ ಎಳೆಯುವುದು. ಸುಗ್ಗಿಯ ಮೊಣಕಾಲಿಗೆ ಆಗದ ಮಾತು. ನಿಯಮ ಓದಿ ಹೇಳಿದ ದಿನ ಕಂಡಕ್ಟರು ಕೈ ಎತ್ತಿ ಕೇಳಿದ್ದ: "ಮೇಡಂ, ಬೀಗರು ಲೆಕ್ಕಕ್ಕೆ ಬರ್ತಾರಾ?"

"ಬರ್ತಾರೆ," ಎಂದಿದ್ದರು ಸೂಪರ್‌ವೈಸರಮ್ಮ.

"ಜಗಳ ಆಡಿ ಮಾತು ಬಿಟ್ಟೋರು?"

"ಜಗಳ ಆಡಿದ್ರೆ ರಕ್ತ ಬದಲಾಗುತ್ತೇನ್ರೀ?"

ಎಲ್ಲರೂ ನಕ್ಕಿದ್ದರು. ಸುಗ್ಗಿ ಆವತ್ತು ನಗಲಿಲ್ಲ. ಯಾರೂ ಗಮನಿಸಲೂ ಇಲ್ಲ.

ಹನ್ನೊಂದರ ಹೊತ್ತಿಗೆ ಅಂಗಡಿ ತುಂಬಿತು. ಕಾಳು ಮಾರಿದವರು, ಕೂಲಿ ಪಡೆದವರು, ತಲೆಗೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡೇ ಬಂದವರು. ಮೇಲಿನ ಕಚೇರಿಯಿಂದ ಇಬ್ಬರು ತಪಾಸಣೆಗೆ ಬಂದು ಗಾಜಿನ ಕೋಣೆಯಲ್ಲಿ ಕ್ಯಾಮೆರಾದ ಪರದೆಯ ಮುಂದೆ ಕೂತಿದ್ದರಿಂದ ಸೂಪರ್‌ವೈಸರಮ್ಮ ಆ ದಿನ ಒಂದು ಕಡೆ ನಿಲ್ಲುತ್ತಿರಲಿಲ್ಲ. ಐದನೇ ಕೌಂಟರಿನವಳು ಚಹಾಕ್ಕೆ ಹೋಗುವ ಸರದಿ ಬಂದು, ಅವಳು "ಮುಚ್ಚಿದೆ" ಎಂಬ ಹಲಗೆಯನ್ನು ಬೆಲ್ಟಿನ ಮೇಲೆ ಇಟ್ಟುಬಿಟ್ಟಳು. ಆ ಸಾಲಿನಲ್ಲಿ ಮುಂದಿದ್ದ ಹೆಂಗಸು ಬುಟ್ಟಿಗಾಡಿ ಹಿಡಿದು ಹಾಗೆಯೇ ನಿಂತಿದ್ದಳು.

"ಅಲ್ಲಿ ಯಾಕೆ ನಿಂತಿದ್ದೀರಮ್ಮಾ? ಇಲ್ಲಿ ಬನ್ನಿ, ನಾಲ್ಕಕ್ಕೆ," ಎಂದು ಸೂಪರ್‌ವೈಸರಮ್ಮ ಆಕೆಯ ಗಾಡಿಯನ್ನು ತಾವೇ ಹಿಡಿದು ತಿರುಗಿಸಿದರು. "ಬನ್ನಿ ಬನ್ನಿ, ಸುಗ್ಗಮ್ಮ ಬೇಗ ಮಾಡ್ತಾರೆ."

ಅಕ್ಕ.

ಬೈತಲೆಯ ಎರಡೂ ಕಡೆ ಮೂರು ಬೆರಳಿನಷ್ಟು ಬಿಳಿ. ಅದರ ಕೆಳಗೆ ಹಳೆಯ ಬಣ್ಣ ಕಂದಾಗಿ ಉಳಿದಿತ್ತು. ಕತ್ತು ಸಣ್ಣಗಾಗಿತ್ತು. ಅವಳು ಸುಗ್ಗಿಯನ್ನು ನೋಡಿದಳು. ನೋಡಿಯೂ ಬೆಲ್ಟಿನ ಮೇಲೆ ಸಾಮಾನು ಇಡತೊಡಗಿದಳು.

ಒಂದು ಮಾತು ಹೇಳಬೇಕಿತ್ತು: ನಮ್ಮವರು. ಹೇಳಿದರೆ ಅಕ್ಕ ಆರನೇ ಕೌಂಟರಿಗೆ ಹೋಗುತ್ತಿದ್ದಳು, ಅಷ್ಟೇ. ಆದರೆ ಮೂರು ವರ್ಷದ ಮೇಲೆ ಬಾಯಿಂದ ಬರುವ ಮೊದಲ ಮಾತೇ ಬೇರೆ ಕಡೆ ಹೋಗು ಎಂಬುದಾಗುತ್ತದೆ. ಇಲ್ಲವೆ ಅಕ್ಕ, "ಯಾರು ಯಾರಿಗೆ ನಮ್ಮವರು?" ಎಂದು ಕೇಳಿಬಿಟ್ಟರೆ? ಸುಗ್ಗಿ ಯೋಚಿಸುತ್ತಿರುವಾಗಲೇ ಕೈ ಅಭ್ಯಾಸಬಲದಿಂದ ಮೊದಲ ಪೊಟ್ಟಣ ಎತ್ತಿ ಯಂತ್ರಕ್ಕೆ ತೋರಿಸಿತು. ಕುಂಯ್ ಎಂದಿತು. ಆಮೇಲೆ ಹೇಳಿ ಪ್ರಯೋಜನವಿರಲಿಲ್ಲ.

ಮೊದಲ ಪೊಟ್ಟಣ ದೊಡ್ಡವರಿಗೆ ಹಾಕುವ ಡೈಪರ್. ಅಂಥವು ಎರಡು. ದೊಡ್ಡ ಅಳತೆ. ಒದ್ದೆ ಟಿಶ್ಯೂ. ಹಾಸಿಗೆಯ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ. ಬೆನ್ನಿನ ಹುಣ್ಣಿಗೆ ಹಚ್ಚುವ ಮುಲಾಮು, ಒಂದಲ್ಲ, ಮೂರು ಟ್ಯೂಬು. ಪೌಡರು. ಮಲಗಿದಲ್ಲೇ ನೀರು ಹೀರಲು ಬಗ್ಗುವ ಕೊಳವೆಗಳ ಕಟ್ಟು. ಎರಡು ಟವೆಲ್ಲು. ಕೊನೆಯಲ್ಲಿ, ಟವೆಲ್ಲುಗಳ ನಡುವೆ, ತಲೆಗೂದಲಿಗೆ ಹಚ್ಚುವ ಬಣ್ಣದ ಒಂದು ಚಿಕ್ಕ ಪೆಟ್ಟಿಗೆ.

ಮನೆಯಲ್ಲಿ ಮತ್ತೆ ಯಾರೋ ಮಲಗಿದ್ದಾರೆ. ಅಳತೆ ನೋಡಿದರೆ ಗಂಡಸು. ಅಕ್ಕನ ಮನೆಯಲ್ಲಿ ಇರುವ ಗಂಡಸು ಒಬ್ಬನೇ, ಭಾವ. ಯಾರೂ ಹೇಳದಿದ್ದ ಸುದ್ದಿ ಬೆಲ್ಟಿನ ಮೇಲೆ ಬಂದು ಸುಗ್ಗಿಯ ಕೈ ಸೇರಿತ್ತು.

"ಚೀಲ ಬೇಕಾ?" ಎಂದಳು.

"ಬೇಡ. ತಂದಿದ್ದೀನಿ."

"ಸದಸ್ಯತ್ವದ ಕಾರ್ಡ್ ಇದೆಯಾ?"

"ಇಲ್ಲ." ಅಕ್ಕ ಚೀಲದ ಬಾಯಿ ಬಿಡಿಸಿದಳು. "ಸ್ವಲ್ಪ ಬೇಗ ಮಾಡ್ತೀರಾ? ಬಸ್ಸಿದೆ."

ಸುಗ್ಗಿ ಚೀಲವನ್ನು ತೆಗೆದುಕೊಂಡು ತಾನೇ ತುಂಬಿದಳು. ಡೈಪರಿನ ಪೊಟ್ಟಣಗಳು ಅಡಿಯಲ್ಲಿ, ಅದರ ಮೇಲೆ ಹಾಳೆ, ಮುಲಾಮು, ಕೊಳವೆ. ಬಣ್ಣದ ಪೆಟ್ಟಿಗೆಯನ್ನು ಒಂದು ಟವೆಲ್ಲಿನೊಳಗೆ ಸುತ್ತಿ, ಇನ್ನೊಂದನ್ನು ಮೇಲೆ ಹೊದಿಸಿದಳು. ಯಾರು ನೋಡಿದರೂ ಟವೆಲ್ಲು ಕೊಂಡವಳ ಚೀಲ. ಇದು ಕೌಂಟರಿನವರು ಯಾರಿಗೂ ಹೇಳದೆ ಮಾಡುವ ಉಪಕಾರ. ಅಕ್ಕ ಅದನ್ನು ಗಮನಿಸಿದಳು. ಅವಳ ಭುಜ ಒಂದಿಷ್ಟು ಕೆಳಗಿಳಿದಂತೆ ಕಂಡಿತು.

ಮೊತ್ತ ಪರದೆಯ ಮೇಲೆ ಬಂತು. ಅಕ್ಕ ಪರ್ಸಿನ ಝಿಪ್ಪು ಎಳೆಯುತ್ತಿದ್ದಳು. ಆಗಲೇ ಸೂಪರ್‌ವೈಸರಮ್ಮ ಎರಡನೇ ಸುತ್ತು ಬಂದು ನಿಂತರು. ಒಬ್ಬರನ್ನು ನೋಡಿ ಇನ್ನೊಬ್ಬರನ್ನು ನೋಡಿದರು.

"ಅರೆ, ಸುಗ್ಗಮ್ಮ! ಈ ಅಮ್ಮ ನಿಮ್ಮ ಥರಾನೇ ಇದ್ದಾರಲ್ಲ. ಅದೇ ಮೂಗು, ಅದೇ ಗಲ್ಲ. ಅಕ್ಕ ತಂಗಿ ಅಂದ್ರೂ ನಂಬ್ತಾರೆ ಜನ."

ತಮಾಷೆಗೆ ಅಂದ ಮಾತು. ತಮಾಷೆಯಲ್ಲೇ ಮುಗಿಯಬಹುದಿತ್ತು. ಅಕ್ಕ ಪರ್ಸಿನಿಂದ ತಲೆ ಎತ್ತದೆ, "ಲೋಕದಲ್ಲಿ ಒಂದೇ ಥರ ಏಳು ಜನ ಇರ್ತಾರಂತೆ," ಎಂದಳು. "ನಾನೊಬ್ಬಳು ಆರನೆಯವಳೋ ಏಳನೆಯವಳೋ ಇರ್ಬೇಕು."

ಸೂಪರ್‌ವೈಸರಮ್ಮ ನಕ್ಕು ಹೊರಡಲು ತಿರುಗಿದರು. ಅಕ್ಕ ದಾರಿ ಮಾಡಿಕೊಟ್ಟಿದ್ದಳು. ಸುಗ್ಗಿ ಬಾಯಿ ಮುಚ್ಚಿಕೊಂಡಿದ್ದರೆ ಅದರಲ್ಲಿ ನಡೆದುಹೋಗಬಹುದಿತ್ತು. ಆದರೆ ಏಳನೆಯವಳು ಎಂದದ್ದು ಎಲ್ಲೋ ತಾಗಿತು. ಅವತ್ತು ಅಂಗಳದಲ್ಲಿ ತಾನು ಎಲ್ಲರ ಮುಂದೆ ಅಂದಿದ್ದಳು. ಇಲ್ಲೂ ಎಲ್ಲರೂ ಇದ್ದಾರೆ. ಎಲ್ಲರ ಮುಂದೆ ಒಂದು ಮಾತು ಹೇಳಿದರೆ ಆ ಮಾತಿಗೆ ಈ ಮಾತು ಸರಿಹೋಗಬಹುದು ಎಂದು ಅವಳಿಗೆ ಅನಿಸಿತು. ಅಷ್ಟು ಸ್ಪಷ್ಟವಾಗಿ ಅನಿಸಿತೋ ಇಲ್ಲವೋ, ಬಾಯಿಂದ ಮಾತು ಬಂದಿತ್ತು.

"ನನ್ನಕ್ಕ ಮೇಡಂ. ಸ್ವಂತ ಅಕ್ಕ."

ಸೂಪರ್‌ವೈಸರಮ್ಮನ ಮುಖದಲ್ಲಿ ನಗು ಹಾಗೇ ಉಳಿದು, ಕಣ್ಣು ಮಾತ್ರ ಗಾಜಿನ ಕೋಣೆಯ ಕಡೆ ಹೋಗಿಬಂತು. "ಬಿಲ್ ಆಗೋಯ್ತಾ?" ಎಂದರು ದನಿ ತಗ್ಗಿಸಿ.

"ಆಯ್ತು."

"ಮುಂಚೆ ಹೇಳ್ಬಾರ್ದಾ? ಇಲ್ಲಾ, ಹೇಳದೇನೇ ಇರ್ಬಾರ್ದಾ?"

ಆರನೇ ಕೌಂಟರಿನಿಂದ ಕಂಡಕ್ಟರು ನಿಟ್ಟುಸಿರು ಬಿಟ್ಟ. "ಮಾತು ಆಡಿದ್ರೆ ಹೋಯ್ತು ಸುಗ್ಗಮ್ಮಾ."

ಹೇಳಿದ್ದಾಗಿತ್ತು, ಇನ್ನು ನಿಯಮ ನಡೆಯಬೇಕು. ಬಿಲ್ ರದ್ದು ಮಾಡಬೇಕು. ಚೀಲದಲ್ಲಿರುವುದೆಲ್ಲ ಹೊರಗೆ ಬರಬೇಕು. ಬೇರೆ ಕೌಂಟರಿನಲ್ಲಿ ಮತ್ತೆ ಬಿಲ್ ಆಗಬೇಕು. ಒಂದೂ ಬಿಟ್ಟುಹೋಗಬಾರದೆಂದು, ರದ್ದಾದ ಬಿಲ್ಲನ್ನು ಹಾಕಿದವರೇ ಸಾಲುಸಾಲಾಗಿ ಓದಬೇಕು, ಇನ್ನೊಬ್ಬರು ಎತ್ತಿ ತೋರಿಸಬೇಕು, ಸೂಪರ್‌ವೈಸರ್ ಗುರುತು ಹಾಕಬೇಕು. ಒಂಬತ್ತು ವರ್ಷದಲ್ಲಿ ಸುಗ್ಗಿ ಇದನ್ನು ಎಷ್ಟೋ ಸಲ ಮಾಡಿದ್ದಳು; ಸಕ್ಕರೆ, ಸೋಪು, ಬ್ಯಾಟರಿ ಎಂದು ಓದಿದ್ದಳು. "ನನ್ನಕ್ಕ" ಎನ್ನುವಾಗ ಇದು ನೆನಪಿಗೆ ಬಂದಿರಲಿಲ್ಲ.

"ಮೇಡಂ, ಒಳಗೆ ಕರ್ಕೊಂಡ್ಹೋಗಿ ಮಾಡ್ಬಹುದಾ?" ಎಂದು ಕೇಳಿದಳು.

"ಯಂತ್ರ ಒಳಗಿದೆಯಾ? ಅವ್ರಿಬ್ರು ನೋಡ್ತಾ ಕೂತಿದ್ದಾರೆ. ಬೇಗ ಮುಗಿಸಿ."

ಚೀಲ ಆರನೇ ಕೌಂಟರಿಗೆ ಹೋಯಿತು. ಮೇಲಿನ ಟವೆಲ್ಲು ಹೊರಗೆ ಬಂತು. ಕಂಡಕ್ಟರು ಒಂದೊಂದನ್ನೇ ಬೆಲ್ಟಿನ ಮೇಲೆ ಸಾಲಾಗಿ ಜೋಡಿಸಿದ. ನಾಲ್ಕು ಮತ್ತು ಆರು, ಎರಡೂ ಸಾಲಿನವರು ಕತ್ತು ನೀಡಿದರು.

"ಏನಾಯ್ತಂತೆ? ಕದ್ದಿದ್ದಾರಾ?" ಎಂದಿತು ಹಿಂದಿನಿಂದ ಒಂದು ದನಿ.

"ಯಾರೋ ಕೌಂಟರಿನವಳ ಕಡೆಯವರಂತೆ."

"ಅಲ್ಲ ಅಲ್ಲ, ಏನಿಲ್ಲ, ಸಣ್ಣ ತಿದ್ದುಪಡಿ," ಎಂದರು ಸೂಪರ್‌ವೈಸರಮ್ಮ. ಹಾಗೆಂದ ಮೇಲೆ ಇನ್ನೂ ಇಬ್ಬರು ಹತ್ತಿರ ಬಂದರು.

ಸುಗ್ಗಿ ಉದ್ದನೆಯ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ದನಿ ಎಂದಿನಂತೆಯೇ ಬಂತು. ಏರಲಿಲ್ಲ, ಇಳಿಯಲಿಲ್ಲ.

"ವಯಸ್ಕರ ಡೈಪರ್, ದೊಡ್ಡ ಅಳತೆ, ಎರಡು."

"ಎರಡು!" ಎಂದು ಕೂಗಿದ ಕಂಡಕ್ಟರು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮೂವತ್ತು ವರ್ಷದ ಅಭ್ಯಾಸ.

"ಒದ್ದೆ ಟಿಶ್ಯೂ, ನಾಲ್ಕು."

"ನಾಲ್ಕು," ಎಂದ, ಈಗ ಮೆಲ್ಲಗೆ.

"ಹಾಸಿಗೆ ಹಾಳೆ, ಪ್ಲಾಸ್ಟಿಕ್, ಒಂದು. ಹುಣ್ಣಿನ ಮುಲಾಮು, ಮೂರು."

ಅಕ್ಕ ಗೋಡೆಯ ಮೇಲಿದ್ದ ತೆರೆಯುವ ಸಮಯ, ಮುಚ್ಚುವ ಸಮಯದ ಹಲಗೆಯನ್ನು ಓದುತ್ತಿರುವಂತೆ ನಿಂತಿದ್ದಳು. ಮುಲಾಮು ಎಂದಾಗ ಅವಳ ಕಣ್ಣು ಒಮ್ಮೆ ಕೆಳಗಿಳಿದು ಸುಗ್ಗಿಯ ಕೈಯಲ್ಲಿದ್ದ ಚೀಟಿಯ ಮೇಲೆ ನಿಂತಿತು.

"ಪೌಡರ್, ಒಂದು. ಕೊಳವೆ, ಒಂದು ಕಟ್ಟು. ಟವೆಲ್, ಎರಡು."

ಕಂಡಕ್ಟರು ಸುತ್ತಿದ್ದ ಟವೆಲ್ಲನ್ನು ಬಿಡಿಸಿದ. ಪೆಟ್ಟಿಗೆ ಬೆಲ್ಟಿನ ಮೇಲೆ ಬಿತ್ತು. ಅದರ ಮೇಲೆ ಕಪ್ಪು ಕೂದಲಿನ ಹುಡುಗಿಯೊಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು.

"ತಲೆಗೂದಲ ಬಣ್ಣ, ಕಪ್ಪು, ಒಂದು," ಎಂದು ಓದಿದಳು ಸುಗ್ಗಿ.

ಸಾಲಿನಲ್ಲಿದ್ದ ಒಬ್ಬ ಹೆಂಗಸು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಡೈಪರಿನ ಪೊಟ್ಟಣ ನೋಡಿ, ಪೆಟ್ಟಿಗೆ ನೋಡಿ, ಅಕ್ಕನ ಬೈತಲೆ ನೋಡಿದರು. "ಮನೇಲಿ ಅಷ್ಟೆಲ್ಲ ಇದ್ರೂ..." ಎಂಬಷ್ಟು ಕೇಳಿಸಿತು. ಉಳಿದದ್ದು ಕೇಳಿಸಲಿಲ್ಲ.

"ಅದು ಬೇಡ," ಎಂದಳು ಅಕ್ಕ. ಮೊದಲ ಸಲ ದನಿ ಗಟ್ಟಿಯಾಗಿತ್ತು. "ಅದನ್ನ ತೆಗೆದುಬಿಡಿ."

"ಇರ್ಲಿ ಬಿಡೀಮ್ಮಾ, ಆಗೇಹೋಯ್ತು," ಎಂದ ಕಂಡಕ್ಟರು.

"ಬೇಡ ಅಂದ್ನಲ್ಲ."

ಪೆಟ್ಟಿಗೆ ಬೇಡವಾದ ಸಾಮಾನಿನ ಬುಟ್ಟಿ ಸೇರಿತು. ಸೂಪರ್‌ವೈಸರಮ್ಮ ಅದಕ್ಕೂ ಒಂದು ಗುರುತು ಹಾಕಿದರು. ಅಕ್ಕ ಹಣ ಕೊಟ್ಟಳು, ಚೀಲವನ್ನು ತಾನೇ ತುಂಬಿದಳು, ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡಲಿಲ್ಲ. ಡೈಪರಿನ ಒಂದು ಪೊಟ್ಟಣ ಚೀಲದ ಬಾಯಿಂದ ಅರ್ಧ ಹೊರಗೇ ಇತ್ತು. ಹೋಗುವಾಗ ನಾಲ್ಕನೇ ಕೌಂಟರಿನ ಪಕ್ಕದಲ್ಲೇ ಹಾದು ಹೋಗಬೇಕು. ಹಾದಳು. ಬಾಗಿಲು ತೆರೆದು, ಅರ್ಧಕ್ಕೆ ನಿಂತು, ಮತ್ತೆ ತೆರೆಯಿತು.

ಗಾಜಿನ ಕೋಣೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಳ್ಳತನವಿಲ್ಲ, ಎಲ್ಲ ಸಾಮಾನೂ ಸರಿಯಿದೆ ಎಂದು ಆ ಇಬ್ಬರೂ ಒಪ್ಪಿದರು. ನಿಯಮ ನಿಯಮವೇ ಎಂದೂ ಹೇಳಿದರು. ಸುಗ್ಗಿ ಒಂದು ಕಾಗದಕ್ಕೆ ಸಹಿ ಹಾಕಿದಳು. ಇವತ್ತಿನಿಂದಲೇ ಗೋದಾಮು.

"ನಾನು ತಮಾಷೆಗೆ ಕೇಳಿದ್ದು ಸುಗ್ಗಮ್ಮ," ಎಂದರು ಸೂಪರ್‌ವೈಸರಮ್ಮ ಹೊರಗೆ ಬಂದು. ಅವರ ಕಣ್ಣು ಒದ್ದೆಯಾಗಿತ್ತು. "ಆರು ತಿಂಗಳು ತಡ್ಕೊಳ್ಳಿ, ಮತ್ತೆ ಕೌಂಟರಿಗೆ ಹಾಕಿಸ್ತೀನಿ."

"ಆಯ್ತು ಮೇಡಂ," ಎಂದಳು ಸುಗ್ಗಿ. ಅವರನ್ನು ಸಮಾಧಾನ ಮಾಡಬೇಕೇನೋ ಎನಿಸಿತು. ಹೇಗೆ ಎಂದು ಹೊಳೆಯಲಿಲ್ಲ.

ಗೋದಾಮಿನ ಹಿಂಬಾಗಿಲು ರಸ್ತೆಗೆ ತೆರೆಯುತ್ತದೆ. ಎದುರಿಗೇ ಬಸ್ಸು ನಿಲ್ಲುವ ಜಾಗ, ಒಂದು ತಗಡಿನ ಮಾಡು, ಕಲ್ಲಿನ ಬೆಂಚು. ಅಕ್ಕ ಕೂತಿದ್ದಳು. ಹನ್ನೊಂದೂವರೆಯ ಬಸ್ಸು ತಪ್ಪಿಹೋಗಿತ್ತು.

"ಹತ್ತು ನಿಮಿಷ," ಎಂದು ಗೋದಾಮಿನ ಮೇಸ್ತ್ರಿಗೆ ಹೇಳಿದಳು ಸುಗ್ಗಿ.

"ಬಂದ ದಿನವೇ?" ಎಂದ ಮೇಸ್ತ್ರಿ. ಅವಳ ಮುಖ ನೋಡಿ, "ಹೋಗ್ಬನ್ನಿ," ಎಂದ.

ಬೆಂಚಿನ ಮೇಲೆ ಇಬ್ಬರ ನಡುವೆ ಚೀಲ ಇತ್ತು. ಅಕ್ಕ ಅದನ್ನು ಸರಿಸಲಿಲ್ಲ.

"ಭಾವನಿಗಾ?" ಎಂದಳು ಸುಗ್ಗಿ.

"ಮತ್ಯಾರಿಗೆ? ಲಕ್ವ ಹೊಡೆದು ಎಂಟು ತಿಂಗಳಾಯ್ತು. ಬಲಗಡೆ ಪೂರ್ತಿ ಇಲ್ಲ."

"ಒಂದು ಮಾತು ಹೇಳಿ ಕಳಿಸ್ಬಾರ್ದಾ?"

"ಯಾಕೆ? ಎತ್ತು ಹೇಗಿದೆ ಅಂತ ನೋಡೋಕೆ ಬರ್ತಿದ್ಯಾ?"

ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಜೋಳದ ಮೂಟೆ ಹೇರಿಕೊಂಡು ಹೋಯಿತು. ಅದರ ಧೂಳು ಇಳಿಯುವವರೆಗೆ ಇಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತರು. ಒಂದೇ ರೀತಿ, ಎಡಗೈಯಿಂದ.

"ನಿನ್ನ ಕೌಂಟರಿಗೆ ಬರ್ಬಾರ್ದು ಅಂತಲೇ ಐದನೇ ಸಾಲಲ್ಲಿ ನಿಂತಿದ್ದೆ," ಎಂದಳು ಅಕ್ಕ. "ದೊಡ್ಡ ಅಳತೆ ಬೇರೆಲ್ಲೂ ಸಿಗ್ಲಿಲ್ಲ, ಅದಕ್ಕೆ ಬಂದೆ. ನಿನ್ನ ಕೆಲಸಕ್ಕೇನಾದ್ರೂ ಆಯ್ತಾ?"

"ಗೋದಾಮಿಗೆ ಹಾಕಿದ್ರು."

"ಮಂಡಿ ನೋವು?"

"ಇದೆ."

"ಏಳು ಜನ ಅಂತ ಅಂದೆನಲ್ಲೇ. ಸುಮ್ನಿರೋಕೆ ಆಗ್ತಿರ್ಲಿಲ್ವಾ ನಿನಗೆ? ಸುಮ್ನಿರ್ಬೇಕಾದ ಕಡೆ ನಿನ್ನ ಬಾಯಿ ಯಾವತ್ತೂ ಸುಮ್ನಿದ್ದಿಲ್ಲ."

ಸುಗ್ಗಿ ತಲೆಯಾಡಿಸಿದಳು. ಅದು ನಿಜ. "ಆ ಬಣ್ಣದ ಪೆಟ್ಟಿಗೆ... ನಾನು ತಂದುಕೊಡ್ಲಾ?" ಎಂದಳು.

"ಬೇಡ. ಮುಟ್ಟೋಕೂ ಮನಸ್ಸಿಲ್ಲ ಈಗ." ಅಕ್ಕ ಬೈತಲೆ ಮುಟ್ಟಿಕೊಂಡಳು. "ನನಗೇನು ಶೋಕಿ ಅಂದ್ಕೊಂಡ್ಯಾ? ನಿಮ್ಮ ಭಾವನಿಗೆ ತಲೆ ಸ್ವಲ್ಪ ಆ ಕಡೆ ಈ ಕಡೆ ಆಗಿದೆ. ಕೂದಲು ಕಪ್ಪಿದ್ರೆ ನನ್ನ ಗುರುತು ಹಿಡೀತಾರೆ. ಬೆಳ್ಳಗಾದ್ರೆ ನಮ್ಮಮ್ಮ ಅಂದ್ಕೋತಾರೆ. ಅತ್ತೆ, ನೀವ್ಯಾಕೆ ಎದ್ದು ಬಂದ್ರಿ, ಮಲಗಿ ಅಂತಾರೆ. ಬಟ್ಟೆ ಬದಲಾಯಿಸೋಕೆ ಹೋದ್ರೆ ನಾಚಿಕೆಯಿಂದ ಕೂಗಾಡ್ತಾರೆ." ಅವಳ ಬಾಯಿಯ ಒಂದು ಮೂಲೆ ಎದ್ದಿತು. "ಹೋಗ್ಲಿ. ಈ ತಿಂಗಳು ಅತ್ತೆಯಾಗೇ ಇರ್ತೀನಿ."

ಸುಗ್ಗಿಗೆ ನಗಬೇಕೋ ಏನೋ ತಿಳಿಯಲಿಲ್ಲ. ಎದೆಯಲ್ಲಿ ಏನಾದರೂ ಆಗುತ್ತಿದೆಯೇ ಎಂದು ನೋಡಿಕೊಂಡಳು. ಮೊಣಕಾಲು ನೋಯುತ್ತಿತ್ತು.

"ಅಕ್ಕಾ."

"ಏನು?"

"ಅವತ್ತು ಅಂಗಳದಲ್ಲಿ ನಾನಂದ ಮಾತು..."

"ಬೇಡ."

"ವಾಪಸ್ ತಗೋತೀನಿ ಅಂತ ಹೇಳೋಕೆ..."

"ನೀನು ವಾಪಸ್ ತಗೊಳ್ಳೋದು ಹೇಗೆ ಅಂತ ಈಗಷ್ಟೇ ನೋಡಿದೆನಲ್ಲ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎಲ್ಲಾನೂ ಮತ್ತೆ ಹೊರಗೆ ತೆಗೀಬೇಕು, ಒಂದೊಂದಾಗಿ ಹೇಳ್ಬೇಕು, ನಾನು ನಿಂತ್ಕೊಂಡು ಕೇಳ್ಬೇಕು. ಎರಡೆರಡು ಸಲ ಕೇಳೋ ಶಕ್ತಿ ನನಗಿಲ್ಲ ಕಣೇ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಅಕ್ಕ ಎದ್ದು ಚೀಲ ಎತ್ತಿಕೊಂಡಳು. ಸುಗ್ಗಿ ಹೊರಬಂದಿದ್ದ ಪೊಟ್ಟಣವನ್ನು ಒಳಕ್ಕೆ ಒತ್ತಲು ಕೈ ಚಾಚಿದಳು. ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಮತ್ತೆ ಆ ಮಾತನ್ನ ನಾನೇನು ಮಾಡ್ಲಿ?" ಎಂದಳು ಸುಗ್ಗಿ.

"ನಿನ್ನ ಹತ್ರಾನೇ ಇರ್ಲಿ," ಎಂದು ಅಕ್ಕ ಮೆಟ್ಟಿಲು ಹತ್ತಿದಳು.

ಬಸ್ಸಿನಲ್ಲಿ ಈ ಕಡೆಯ ಕಿಟಕಿಯ ಪಕ್ಕ ಜಾಗವಿತ್ತು. ಅಕ್ಕ ಆಚೆಯ ಬದಿಗೆ ಹೋಗಿ ಕೂತಳು. ಬಸ್ಸು ಹೊರಟ ಮೇಲೂ ಸುಗ್ಗಿ ತಗಡಿನ ಮಾಡಿನ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು, ಹತ್ತು ನಿಮಿಷ ಕಳೆದು ಮೂರು ನಿಮಿಷವಾಗಿದೆ ಎಂದು ನೋಡಿಕೊಂಡು ರಸ್ತೆ ದಾಟಿದಳು. ಮೇಸ್ತ್ರಿ ಆಲೂಗಡ್ಡೆಯ ಮೂಟೆಗಳ ಕಡೆ ಕೈ ತೋರಿಸಿದ. ಕೊಳೆತದ್ದನ್ನು ಒಂದು ಕಡೆ ಹಾಕಬೇಕು, ಗಟ್ಟಿಯಿದ್ದದ್ದನ್ನು ಒಂದು ಕಡೆ. ಅವಳು ಕೈಗವಸುಗಳನ್ನು ತೊಟ್ಟುಕೊಂಡು ಮೊದಲ ಮೂಟೆಯ ಬಾಯಿ ಬಿಚ್ಚಿದಳು.